ಬಿಡುವಿನ ಹೊತ್ತು ಯಾರದು?

ಆಟಿ ತಿಂಗಳ ಮಳೆಯು ಎಂಥದೆಂದು ಕರಾವಳಿಯ ಹಳ್ಳಿಗಳಲ್ಲಿ ಹುಟ್ಟಿ ಬೆಳೆದವರಿಗೆ ವಿವರಿಸಿ ಹೇಳಬೇಕಾದದ್ದಿಲ್ಲ. ಗದ್ದೆಯ ನಾಟಿಯು ಮುಗಿದಿರುವದು. ತೋಟಕ್ಕೆ ಇಳಿಯುವ ಹಾಗಿಲ್ಲ. ಅಂಗಳವೆಲ್ಲಾ ಪಾಚಿ ಕಟ್ಟಿ ಜಾರುವದು. ಕೂಲಿಗೆ ಕರೆಯುವವರೂ ಇಲ್ಲ, ಕರೆದರೆ ಹೋಗುವವರೂ ಇಲ್ಲ. ಹೀಗಿರುವ ಒಂದು ಮಧ್ಯಾಹ್ನ ಒಬ್ಬ ಮನುಷ್ಯನು ತನ್ನ ಮನೆಯ ಜಗಲಿಯಲ್ಲಿ ಕುಳಿತಿದ್ದನು. ಹಿಂದಿನ ರಾತ್ರಿಯ ಗಾಳಿಗೆ ಎಲ್ಲಿಯೋ ಮರ ಬಿದ್ದು ಕರೆಂಟು ಹೋಗಿತ್ತು; ಆದದರಿಂದ ಟಿ.ವಿ. ನೋಡುವ ಹಾಗಿರಲಿಲ್ಲ, ಕೈಯಲ್ಲಿದ್ದ ಮೊಬೈಲು ಸಹ ಬೆಳಗ್ಗೆಯೇ ನಿಂತುಹೋಗಿತ್ತು. ಅವನು ಮೂರು ಸಾರಿ ಎದ್ದು ಆಕಾಶವನ್ನು ನೋಡಿ, ಮೂರು ಸಾರಿ ಕುಳಿತು, ಕೊನೆಗೆ ಯಾರಿಗೆಂದಿಲ್ಲದೆ, "ಅಯ್ಯೋ, ಹೊತ್ತೇ ಹೋಗುವದಿಲ್ಲವಲ್ಲಾ!" ಅಂದನು. ಆಗ ಅಡುಗೆಮನೆಯ ಹೊಗೆಯೊಳಗಿಂದ ಅವನ ಹೆಂಡತಿಯು, "ನಿಮಗೆ ಹೋಗದೆ ಉಳಿದಿದ್ದರೆ ಅದರಲ್ಲಿ ಸ್ವಲ್ಪವನ್ನು ಇತ್ತ ಕೊಡಿರಿ, ನನಗೆ ಬೆಳಗ್ಗಿನಿಂದ ಸಾಲುತ್ತಾ ಇಲ್ಲ," ಎಂದಳು.

ಆ ಮನುಷ್ಯನು ಈ ಬರಹವನ್ನು ಬರೆಯುತ್ತಿರುವ ನಾನೇ. ಅವಳು ಸಿಟ್ಟಿನಿಂದ ಹಾಗೆ ಹೇಳಿದ್ದಲ್ಲ. ಒಲೆಯ ಮೇಲಿನ ಹಗ್ಗಕ್ಕೆ ಒದ್ದೆ ಬಟ್ಟೆಗಳನ್ನು ಹರವುತ್ತಾ, ನಗುತ್ತಲೇ ಹೇಳಿದಳು. ಆದರೂ ಆ ಮಾತು ಬಟ್ಟೆಗೆ ಹತ್ತಿದ ತುರುಚೆ ಮುಳ್ಳಿನಂತೆ ನನ್ನ ಮನಸ್ಸಿಗೆ ಹತ್ತಿಕೊಂಡಿತು. ಒಂದೇ ಮಾಡಿನ ಕೆಳಗೆ, ಒಂದೇ ಗಳಿಗೆಯಲ್ಲಿ, ಒಬ್ಬನಿಗೆ ಹೊತ್ತು ಹೊರಲಾರದಷ್ಟು ಹೆಚ್ಚಾಗಿತ್ತು. ಇನ್ನೊಬ್ಬಳಿಗೆ ಹಾಸಿದರೆ ಹೊದೆಯಲು ಇಲ್ಲದಷ್ಟು ಕಡಿಮೆಯಾಗಿತ್ತು. ಇದು ಹೇಗೆ ನ್ಯಾಯವಾಯಿತು? ಮನೆಯಲ್ಲಿ ಬೇಸರವಾದಾಗ ಹೊತ್ತನ್ನು ಹೇಗೆ ಕಳೆಯಬೇಕೆಂದು ಅನೇಕರು ಕೇಳುತ್ತಾರೆ. ಅದಕ್ಕೆ ಉತ್ತರವನ್ನು ಹೇಳುವದು ಅಷ್ಟೇನೂ ಕಷ್ಟವಲ್ಲ. ಆದರೆ ಅದಕ್ಕೆ ಮೊದಲು ಕೇಳತಕ್ಕ ಇನ್ನೊಂದು ಪ್ರಶ್ನೆ ಉಂಟು. ಹೇಗಂದರೆ, ನನ್ನ ಕೈಯಲ್ಲಿರುವ ಈ ಬಿಡುವು ನಿಜವಾಗಿ ನನ್ನದೋ? ಇವೆರಡನ್ನೂ ಕುರಿತು ನಾವು ಈ ತಿಂಗಳು ಸ್ವಲ್ಪ ಆಲೋಚಿಸೋಣ.

ಮೊದಲು ನಮ್ಮ ಭಾಷೆಯ ಮಾತುಗಳನ್ನೇ ವಿಚಾರಿಸಿ ನೋಡೋಣ. ಕನ್ನಡದಲ್ಲಿ ನಾವು "ಹೊತ್ತು ಕಳೆಯುವದು" ಅನ್ನುತ್ತೇವೆ. ಕಳೆಯುವದು ಅಂದರೆ ದಾಟಿಸುವದೆಂಬ ಅರ್ಥವುಂಟು. ಹಾಗೆಯೇ ಇದ್ದದ್ದನ್ನು ಇಲ್ಲದಂತೆ ಮಾಡಿಕೊಳ್ಳುವದೆಂಬ ಅರ್ಥವೂ ಉಂಟು. ಸಂತೆಯಲ್ಲಿ ಹಣವನ್ನು ಕಳೆದುಕೊಂಡವನೂ, ಜಗಲಿಯಲ್ಲಿ ಹೊತ್ತನ್ನು ಕಳೆದವನೂ ಒಂದೇ ಕ್ರಿಯಾಪದಕ್ಕೆ ಸಿಕ್ಕುತ್ತಾರೆ. ಶಾಲೆಯ ಮಕ್ಕಳು ಕಲಿಯುವ ಲೆಕ್ಕಗಳಲ್ಲಿಯೂ ಕಳೆಯುವ ಲೆಕ್ಕವೆಂಬದೊಂದು. ಅದಕ್ಕೆ ಎದುರಾದದ್ದು ಕೂಡುವ ಲೆಕ್ಕ. ಕೂಡುವದು ಅಂದರೆ ಸೇರಿಸುವದು ಮಾತ್ರವಲ್ಲ, ನಾಲ್ಕು ಮಂದಿ ಒಟ್ಟಾಗುವದೂ ಹೌದು. ಇನ್ನು "ಬಿಡುವು" ಎಂಬ ಮಾತು ಬಿಡು ಎಂಬದರಿಂದ ಹುಟ್ಟಿತು. ನೊಗದಿಂದ ಎತ್ತನ್ನು ಬಿಟ್ಟ ಹಾಗೆ ಕೆಲಸದಿಂದ ಕೈಯನ್ನು ಬಿಟ್ಟ ಸಮಯವೇ ಬಿಡುವು. ಹಾಗಾದರೆ ಎತ್ತು ತನ್ನಷ್ಟಕ್ಕೆ ನೊಗದಿಂದ ಹೊರಗೆ ಬರಲಾರದು. ಯಾರಾದರೊಬ್ಬರು ಅದನ್ನು ಬಿಡಿಸಬೇಕು. ಮನೆಯಲ್ಲಿ ನಮ್ಮನ್ನು ಬಿಡಿಸಿದವರು ಯಾರೆಂದು ನಾವು ವಿಚಾರಿಸುವದುಂಟೋ?

ಬೇಸರ ಬರುವದೇ ಪಾಪವೆಂದು ಕೆಲವರು ಗದರಿಸುವದನ್ನು ನಾವು ಕೇಳಿದ್ದೇವೆ. ಅದು ನಮಗೆ ಸರಿಯೆಂದು ತೋರುವದಿಲ್ಲ. ಹೊಟ್ಟೆಗೆ ಹಸಿವು ಹೇಗೋ ಮನಸ್ಸಿಗೆ ಬೇಸರವೂ ಹಾಗೆಯೇ. ಹಸಿವು ತಪ್ಪಲ್ಲ, ಹಸಿದಾಗ ಕೈಗೆ ಸಿಕ್ಕಿದ್ದನ್ನೆಲ್ಲಾ ತಿನ್ನುವದು ತಪ್ಪು. ಮನುಷ್ಯನ ಮನಸ್ಸು ಕೆಲಸವಿಲ್ಲದೆ ಸುಮ್ಮನೆ ತನ್ನೊಂದಿಗೆ ತಾನಿರುವದನ್ನು ಎಷ್ಟರ ಮಟ್ಟಿಗೆ ಸಹಿಸಲಾರದು ಎಂಬದನ್ನು ಅಮೇರಿಕಾ ದೇಶದ ವರ್ಜೀನಿಯಾ ವಿಶ್ವವಿದ್ಯಾಲಯದ ಪಂಡಿತರು ಪರೀಕ್ಷಿಸಿ ೨೦೧೪ನೇ ಇಸವಿಯಲ್ಲಿ ಪ್ರಕಟಿಸಿದರು. ಅವರು ಒಬ್ಬೊಬ್ಬರನ್ನೇ ಬರಿದಾದ ಕೋಣೆಯಲ್ಲಿ ಹದಿನೈದು ನಿಮಿಷ ಕೂಡ್ರಿಸಿದರು. ಪುಸ್ತಕವಿಲ್ಲ, ಮೊಬೈಲಿಲ್ಲ, ಮಾತಾಡುವವರಿಲ್ಲ. ಒತ್ತಿದರೆ ಮೈಗೆ ವಿದ್ಯುತ್ತಿನ ಏಟು ತಗಲುವ ಒಂದು ಗುಂಡಿ ಮಾತ್ರ ಇತ್ತು. ಆ ಏಟನ್ನು ಮೊದಲೇ ಒಮ್ಮೆ ಅನುಭವಿಸಿ, ಇನ್ನು ಅದು ಬೇಡ, ಅದನ್ನು ತಪ್ಪಿಸಿಕೊಳ್ಳುವದಕ್ಕೆ ಹಣವನ್ನಾದರೂ ಕೊಟ್ಟೇವು ಎಂದು ಹೇಳಿದವರಲ್ಲಿಯೇ, ಹದಿನೆಂಟು ಮಂದಿ ಗಂಡಸರಲ್ಲಿ ಹನ್ನೆರಡು ಮಂದಿಯೂ, ಇಪ್ಪತ್ತನಾಲ್ಕು ಮಂದಿ ಹೆಂಗಸರಲ್ಲಿ ಆರು ಮಂದಿಯೂ, ಆ ಹದಿನೈದು ನಿಮಿಷಗಳೊಳಗೆ ತಾವಾಗಿಯೇ ಗುಂಡಿಯನ್ನು ಒತ್ತಿಕೊಂಡರು. ಸುಮ್ಮನಿರುವದಕ್ಕಿಂತ ನೋವೇ ಲೇಸೆಂದು ಅವರಿಗೆ ತೋರಿತು! ಇದನ್ನು ಓದಿ ನಾವು ನಗಬಹುದು. ಆದರೆ ಮಾತಿಗೆ ಮಾತು ಬೆಳೆಸಿ ನೆರೆಯವನೊಂದಿಗೆ ಜಗಳ ತೆಗೆಯುವವನೂ, ಬೇಸರ ಕಳೆಯುವದಕ್ಕೆಂದು ಹೆಂಡದಂಗಡಿಗೆ ನಡೆಯುವವನೂ, ಮೊದಲು ಬೀಡಿ ಪಣಕ್ಕಿಟ್ಟು ಆಮೇಲೆ ಹಣವಿಟ್ಟು ಇಸ್ಪೀಟು ಆಡುವವನೂ ಅದೇ ಗುಂಡಿಯನ್ನು ಒತ್ತಿಕೊಳ್ಳುವವರಲ್ಲವೋ? ಒಂದು ವ್ಯತ್ಯಾಸ ಮಾತ್ರ ಉಂಟು. ಆ ಕೋಣೆಯಲ್ಲಿ ಏಟು ಒತ್ತಿದವನಿಗೇ ತಗಲಿತು. ನಮ್ಮ ಹಳ್ಳಿಗಳಲ್ಲಿ ಅದು ಮನೆಯಲ್ಲಿರುವ ಹೆಂಡತಿ ಮಕ್ಕಳಿಗೆ ತಗಲುತ್ತದೆ.

ಈ ಕಾಲದಲ್ಲಿ ಬೇಸರಕ್ಕೆ ಎಲ್ಲರ ಕೈಯಲ್ಲಿಯೂ ಇರುವ ಔಷಧವು ಮೊಬೈಲು. ಅದನ್ನು ನಾವು ನಿಂದಿಸುವದಕ್ಕೆ ಹೊರಟಿಲ್ಲ. ದೂರದಲ್ಲಿ ದುಡಿಯುವ ಮಗನ ಮುಖವನ್ನು ತಾಯಿಯು ಅದರಲ್ಲಿ ಕಾಣುತ್ತಾಳೆ. ಅಡಿಕೆಯ ಧಾರಣೆಯನ್ನು ರೈತನು ಅದರಲ್ಲಿ ತಿಳಿಯುತ್ತಾನೆ. ಆದರೆ ಅದರಲ್ಲಿ ಬರುವ ಚಿಕ್ಕ ಚಿಕ್ಕ ಚಿತ್ರಗಳಿಗೂ, ಇತರ ವಿನೋದಗಳಿಗೂ ಒಂದು ದೊಡ್ಡ ಭೇದವುಂಟು. ಪುಸ್ತಕಕ್ಕೆ ಕೊನೆಯ ಪುಟವುಂಟು; ಯಕ್ಷಗಾನಕ್ಕೆ ಬೆಳಗಾಗುವದು; ಆಟದಲ್ಲಿ ಒಬ್ಬನು ಗೆದ್ದರೆ ಆಟವು ಮುಗಿಯುವದು. ಬೆರಳಿನಿಂದ ಜಾರಿಸಿದಷ್ಟೂ ಮತ್ತೊಂದು ಕಾಣಿಸಿಕೊಳ್ಳುವ ಹಾಗೆ ಮಾಡಲ್ಪಟ್ಟ ಆ ಚಿತ್ರಗಳ ಸಾಲಿಗಾದರೋ ಕೊನೆಯೆಂಬದೇ ಇಲ್ಲ. ಯಾಕಂದರೆ ನಾವು ನೋಡಿದಷ್ಟೂ ಅದನ್ನು ನಡಿಸುವವರಿಗೆ ಜಾಹೀರಾತಿನ ಹಣವು ಬರುವದು. ಎಲ್ಲಿ ನಿಲ್ಲಿಸಬೇಕೆಂಬದನ್ನು ಅದು ಹೇಳುವದಿಲ್ಲವಾದದರಿಂದ ನಾವೇ ಹೇಳಿಕೊಳ್ಳಬೇಕಾಗುವದು. ಹಾಗೆ ಹೇಳಿಕೊಳ್ಳಲಾರದವನು ಎರಡು ತಾಸಿನ ಮೇಲೆ ತಲೆಯೆತ್ತಿದಾಗ ವಿಶ್ರಾಂತಿಯೂ ಆಗಿರುವದಿಲ್ಲ, ನೋಡಿದ್ದು ನೆನಪಿನಲ್ಲಿಯೂ ಇರುವದಿಲ್ಲ. ಇದು ಶುದ್ಧವಾದ ಕಳೆಯುವ ಲೆಕ್ಕವು.

ಹಾಗಾದರೆ ಬಿಡುವಿನಲ್ಲಿಯೂ ದುಡಿಯುತ್ತಲೇ ಇರಬೇಕೋ ಎಂದು ಯಾರಾದರೂ ಕೇಳಬಹುದು. ಅಲ್ಲ. ಸೋಮಾರಿತನವು ಬೇರೆ, ವಿಶ್ರಾಂತಿಯು ಬೇರೆ. ಕೆಲಸವಿರುವಾಗ ಅದನ್ನು ಇನ್ನೊಬ್ಬರ ಹೆಗಲಿಗೆ ಜಾರಿಸಿ ಕುಳಿತುಕೊಳ್ಳುವದು ಸೋಮಾರಿತನ. ಮಾಡತಕ್ಕದ್ದನ್ನು ಮಾಡಿ ಕೈಕಾಲು ನೀಡುವದು ವಿಶ್ರಾಂತಿ. ಪೂರ್ವಕಾಲದ ಗ್ರೀಕರು ಬಿಡುವಿಗೆ 'ಸ್ಖೊಲೇ' ಎಂದು ಹೆಸರಿಟ್ಟಿದ್ದರು. ಇಂಗ್ಲಿಷಿನವರ 'ಸ್ಕೂಲ್' ಎಂಬ ಮಾತು ಅದರಿಂದಲೇ ಬಂದಿತು. ಬಿಡುವಿದ್ದಲ್ಲಿ ಮಾತ್ರ ಮನುಷ್ಯನು ವಿಚಾರಮಾಡುವನು, ಕಲಿಯುವನು ಎಂದು ಅವರು ತಿಳಿದಿದ್ದರು. ಆದರೆ ಆ ಗ್ರೀಕರ ಬಿಡುವಿಗಾಗಿ ಅವರ ಹೊಲಗಳಲ್ಲಿಯೂ ಮನೆಗಳಲ್ಲಿಯೂ ದುಡಿದವರು ಗುಲಾಮರು ಎಂಬದನ್ನು ಮರೆಯಬಾರದು. ಇದಕ್ಕೆ ಎದುರಾಗಿ, ನಾವೆಲ್ಲರೂ ಚಿಕ್ಕಂದಿನಿಂದ ಬಾಯಿಪಾಠ ಮಾಡಿದ ಹತ್ತು ಆಜ್ಞೆಗಳಲ್ಲಿ ಏಳನೆಯ ದಿನದ ವಿಶ್ರಾಂತಿಯನ್ನು ಕುರಿತಾದದ್ದನ್ನು ನೆನಸಿಕೊಳ್ಳಿರಿ. ಅದು ಯಜಮಾನನಿಗೆ ಮಾತ್ರ ಹೇಳಿದ್ದಲ್ಲ. ಮಕ್ಕಳು, ಆಳುಗಳು, ದಾಸಿಯರು, ದನಕರು, ಊರಿಗೆ ಬಂದಿರುವ ಪರದೇಶಿ, ಇವರೆಲ್ಲರನ್ನೂ ಅದು ಹೆಸರು ಹಿಡಿದು ಎಣಿಸುತ್ತದೆ. ಒಬ್ಬನ ವಿಶ್ರಾಂತಿಯು ಇನ್ನೊಬ್ಬಳ ಬೆವರಿನ ಮೇಲೆ ನಿಲ್ಲಬಾರದೆಂಬದೇ ಅದರ ತಾತ್ಪರ್ಯ. ಭಾನುವಾರ ಆರಾಧನೆ ಮುಗಿಸಿ ಬಂದು ಗಂಡಸರು ಜಗಲಿಯಲ್ಲಿ ಮೈ ಚಾಚುವಾಗ, ಅದೇ ಆರಾಧನೆಯಿಂದ ಬಂದ ಹೆಂಗಸರು ಸೀರೆಯನ್ನು ಸಹ ಬದಲಿಸದೆ ಒಲೆಯ ಮುಂದೆ ಕುಳಿತುಕೊಳ್ಳುವದು ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಇಲ್ಲ?

ಇದು ನನ್ನೊಬ್ಬನ ಮನೆಯ ಸಂಗತಿಯಲ್ಲ. ನಮ್ಮ ದೇಶದ ಜನರು ದಿನದ ಹೊತ್ತನ್ನು ಹೇಗೆ ಉಪಯೋಗಿಸುತ್ತಾರೆಂದು ಭಾರತ ಸರಕಾರವು ೨೦೧೯ನೇ ಇಸವಿಯಲ್ಲಿ ಮನೆ ಮನೆಗೆ ಹೋಗಿ ವಿಚಾರಿಸಿ ಲೆಕ್ಕ ಬರೆಯಿಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ಕೈಹಾಕಿದವರನ್ನು ಮಾತ್ರ ಎಣಿಸಿದರೆ, ಹೆಂಗಸರು ದಿನಕ್ಕೆ ಸರಾಸರಿ ೨೯೯ ನಿಮಿಷಗಳನ್ನೂ ಗಂಡಸರು ೯೭ ನಿಮಿಷಗಳನ್ನೂ ಅದಕ್ಕೆ ಕೊಡುತ್ತಾರೆಂದು ಕಂಡುಬಂದಿತು. ಅಂದರೆ ಒಬ್ಬಳು ಐದು ತಾಸು. ಒಬ್ಬನು ಒಂದೂವರೆ ತಾಸಿಗಿಂತ ಸ್ವಲ್ಪ ಹೆಚ್ಚು. ಈ ಲೆಕ್ಕದಲ್ಲಿ ಮನೆಗೆಲಸಕ್ಕೆ ಕೈಯನ್ನೇ ಹಾಕದ ಗಂಡಸರು ಸೇರಿಲ್ಲವೆಂಬದನ್ನು ನೆನಪಿನಲ್ಲಿಡಿರಿ. ಅಲ್ಲದೆ ನಮ್ಮ ಕರಾವಳಿಯಲ್ಲಿ ಅನೇಕ ಹೆಂಗಸರು ಮನೆಗೆಲಸವೆಲ್ಲಾ ಮುಗಿದ ಮೇಲೆ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಾರೆ. ಕೇಳಿದರೆ, "ಬಿಡುವಿದ್ದಾಗ ಕಟ್ಟುವದು" ಎಂದು ಹೇಳುತ್ತಾರೆ. ಪ್ರಿಯರೇ, ಅದು ಬಿಡುವೋ? ಒಂದು ನೊಗದಿಂದ ಬಿಟ್ಟ ಎತ್ತನ್ನು ಕೂಡಲೇ ಇನ್ನೊಂದು ನೊಗಕ್ಕೆ ಕಟ್ಟಿದರೆ ಅದಕ್ಕೆ ಬಿಡುವು ಸಿಕ್ಕಿತೆಂದು ಯಾರು ಹೇಳುವರು?

ಆದದರಿಂದ ಬೇಸರವಾದಾಗ ಮಾಡತಕ್ಕ ಮೊದಲನೆಯ ಕೆಲಸವು ತೀರ ಸರಳವಾದದ್ದು. ಎದ್ದು ಒಳಗೆ ಹೋಗಿ, "ಏನಾದರೂ ಆಗಬೇಕೋ?" ಎಂದು ಕೇಳುವದು. ಹೀಗೆ ಕೇಳುವಾಗ ಒಂದು ಎಚ್ಚರವೂ ಬೇಕು. ಏನು ಮಾಡಬೇಕೆಂದು ಪ್ರತಿಯೊಂದಕ್ಕೂ ಕೇಳಿ ಕೇಳಿ ಮಾಡುವವನು ಕೆಲಸದ ಭಾರವನ್ನು ಇಳಿಸುವದಿಲ್ಲ, ಹೇಳುವ ಭಾರವನ್ನು ಹೆಚ್ಚಿಸುತ್ತಾನೆ. ತೆಂಗಿನಕಾಯಿ ಹೆರೆಯುವದು, ಹಲಸಿನ ಬೀಜ ಸುಲಿಯುವದು, ನೀರು ಸೇದುವದು, ಒದ್ದೆ ಕಟ್ಟಿಗೆಯನ್ನು ಸೀಳಿ ಒಲೆಯ ಬದಿಗೆ ಜೋಡಿಸುವದು, ಹಾಸಿಗೆ ಹಿಡಿದ ಮುದುಕರ ಮೈ ಒರಸುವದು, ಇವುಗಳಲ್ಲಿ ಒಂದನ್ನು ತನ್ನದೆಂದು ಒಪ್ಪಿಕೊಂಡು ಪ್ರತಿದಿನವೂ ಮಾಡಿದರೆ ಅದೇ ಸಹಾಯವು. ಹೆಂಗಸರ ಕೆಲಸವನ್ನು ಗಂಡಸು ಮಾಡಿದರೆ ಊರವರು ನಗುವರಲ್ಲಾ ಎಂದು ಕೆಲವರು ಹೇಳುವರು. ಮದುವೆಯ ಮನೆಯಲ್ಲಿ ಐನೂರು ಮಂದಿಗೆ ಅಡುಗೆ ಮಾಡುವ ಗಂಡಸನ್ನು ಕಂಡು ಯಾರೂ ನಗುವದಿಲ್ಲ. ಐದು ಮಂದಿಗೆ ಮಾಡಿದರೆ ಮಾತ್ರ ನಗೆಗೀಡಾಗುವದು ಹೇಗೆ? ಸಂಬಳ ಸಿಕ್ಕಿದರೆ ಮಾನದ ಕೆಲಸ, ಪ್ರೀತಿಯಿಂದ ಮಾಡಿದರೆ ಅವಮಾನದ ಕೆಲಸ ಎಂಬ ಈ ತೂಕವನ್ನು ನಮ್ಮ ತಕ್ಕಡಿಯಿಂದ ತೆಗೆದುಬಿಡೋಣ.

ಹೀಗೆ ಎಲ್ಲರಿಗೂ ಅಷ್ಟಿಷ್ಟು ಬಿಡುವು ಹಂಚಲ್ಪಟ್ಟ ಮೇಲೆ, ಅದನ್ನು ಕಾಸು ಖರ್ಚಿಲ್ಲದೆ ಮನೆಯಲ್ಲಿಯೇ ಸಂತೋಷದಿಂದ ಉಪಯೋಗಿಸುವದಕ್ಕೆ ನಮ್ಮ ಹಿರಿಯರು ಬಿಟ್ಟುಹೋದ ದಾರಿಗಳು ಬೇಕಾದಷ್ಟು ಉಂಟು. ಅವುಗಳಲ್ಲಿ ಕೆಲವನ್ನು ಹೇಳುತ್ತೇವೆ.

ಒಂದನೆಯದು, ಆಟ. ತುಳುನಾಡಿನ ಹಳೆಯ ಮನೆಗಳ ಅಟ್ಟದಲ್ಲಿ ಹುಡುಕಿದರೆ ಒಂದು ಚೆನ್ನೆಮಣೆಯು ಸಿಕ್ಕೀತು. ಘಟ್ಟದ ಮೇಲಿನವರು ಅದನ್ನು ಅಳಿಗುಳಿ ಮಣೆ ಅನ್ನುವರು. ಎರಡು ಸಾಲುಗಳಲ್ಲಿ ಏಳೇಳರಂತೆ ಹದಿನಾಲ್ಕು ಗುಳಿಗಳು, ಗುಳಿಗೆ ನಾಲ್ಕರಂತೆ ಐವತ್ತಾರು ಕಾಯಿಗಳು. ಇಷ್ಟೇ ಅದರ ಬಂಡವಾಳ. ಒಂದು ಗುಳಿಯಲ್ಲಿದ್ದದ್ದನ್ನೆಲ್ಲಾ ತೆಗೆದು ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಂಚುತ್ತಾ ಹೋಗುವದೇ ಆಟದ ಕ್ರಮ. ತನ್ನದನ್ನು ಹಂಚದೆ ಯಾರೂ ಇದನ್ನು ಆಡಲಾರರು. ಮುಂದಿನ ಲೆಕ್ಕವನ್ನು ಮನಸ್ಸಿನಲ್ಲಿಯೇ ಹಾಕಬೇಕಾದದರಿಂದ ಮಕ್ಕಳ ಬುದ್ಧಿಯೂ ಹರಿತವಾಗುವದು. ಮಣೆಯಿಲ್ಲದವರು ನೆಲದಲ್ಲಿ ಸೀಮೆಸುಣ್ಣದಿಂದ ಐದೈದು ಮನೆಗಳನ್ನು ಎಳೆದು, ಕವಡೆ ಇಲ್ಲವೆ ಒಂದು ಮಗ್ಗುಲು ತೇಯ್ದ ಹುಣಿಸೆ ಬೀಜಗಳಿಂದ ಚೌಕಾಬಾರವನ್ನು ಆಡಬಹುದು. ಹುಲಿಯನ್ನು ಕಟ್ಟಿಹಾಕುವದಕ್ಕೆ ಆಡುಗಳೆಲ್ಲಾ ಒಗ್ಗಟ್ಟಾಗುವ ಆಡು-ಹುಲಿಯ ಆಟವನ್ನು ಆಡಬಹುದು. ಆದರೆ ಪಣವನ್ನು ಇಡಬಾರದು. ಪಣವು ಬಂದಲ್ಲಿ ಆಟವು ಹೋಗುವದು. ಸೋಲನ್ನು ಹಲ್ಲು ಕಚ್ಚಿ ಹಿಡಿದುಕೊಳ್ಳಲೂ ಬಾರದು. ತುಳುವರ ಸಿರಿಯ ಪಾಡ್ದನದಲ್ಲಿ ಅಬ್ಬಗ ದಾರಗರೆಂಬ ಅಕ್ಕತಂಗಿಯರು ಚೆನ್ನೆಯಾಟದಲ್ಲಿ ಜಗಳವಾಡಿ, ಮಣೆಯಿಂದಲೇ ಹೊಡೆದು ಪ್ರಾಣಕ್ಕೆ ತಂದುಕೊಂಡ ಕಥೆಯನ್ನು ಹಿರಿಯರು ಸುಮ್ಮನೆ ಹೇಳುತ್ತಾ ಬಂದದ್ದಲ್ಲ.

ಎರಡನೆಯದು, ಓದಿ ಹೇಳುವದು. ೨೦೧೧ನೇ ಇಸವಿಯ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಏಳು ವರುಷ ದಾಟಿದವರೊಳಗೆ ನೂರಕ್ಕೆ ಸುಮಾರು ೭೫ ಮಂದಿ ಅಕ್ಷರ ಬಲ್ಲವರಾಗಿದ್ದರು. ಹಾಗಾದರೆ ಆಗ ನಾಲ್ವರಲ್ಲಿ ಒಬ್ಬರು ಅಕ್ಷರವಿಲ್ಲದವರಾಗಿದ್ದರು. ಆ ಒಬ್ಬರು ಹೆಚ್ಚಾಗಿ ನಮ್ಮ ಅಜ್ಜಿಯೋ, ದೊಡ್ಡಮ್ಮನೋ, ಇಲ್ಲವೆ ಕಣ್ಣು ಮಬ್ಬಾದ ತಂದೆಯೋ ಆಗಿರುವರು. ಶಾಲೆಗೆ ಹೋಗುವ ಮಗುವು ಸಂಜೆ ಅರ್ಧ ತಾಸು ಗಟ್ಟಿಯಾಗಿ ಓದಿದರೆ ಮಗುವಿನ ಉಚ್ಚಾರವು ತಿದ್ದುವದು, ಮುದುಕರಿಗೆ ಲೋಕದ ಸುದ್ದಿಯು ತಿಳಿಯುವದು. ಮುದುಕರು ಅದಕ್ಕೆ ಪ್ರತಿಯಾಗಿ ಒಗಟು, ಗಾದೆ, ತಮ್ಮ ಕಾಲದ ಕಥೆಗಳನ್ನು ಹೇಳಲಿ. ಅವುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವದು ಮಗುವಿನ ಕೆಲಸವಾಗಲಿ. ಪಾದ್ರಿ ಕಿಟ್ಟೆಲರು ೧೮೯೪ರಲ್ಲಿ ಪ್ರಕಟಿಸಿದ ದೊಡ್ಡ ಕನ್ನಡ ನಿಘಂಟಿನಲ್ಲಿ ಹಳೆಯ ಕಾವ್ಯಗಳ ಮಾತುಗಳ ಜೊತೆಗೆ ಜನರು ದಿನವೂ ಆಡುವ ಗಾದೆಗಳೂ ಸೇರಿವೆ. ಆಡುವ ಮಾತು ಆಡಿದವರೊಂದಿಗೆ ಹೋಗುವದು, ಬರೆದಿಟ್ಟದ್ದು ಉಳಿಯುವದು.

ಮೂರನೆಯದು, ಕೈಯ ಕೆಲಸ. ಇದು ಸಂಬಳಕ್ಕಾಗಿ ಮಾಡುವ ಕೆಲಸವಲ್ಲ, ಮನಸ್ಸಿನ ಉಲ್ಲಾಸಕ್ಕಾಗಿ ಮಾಡುವದು. ಧಾರವಾಡ, ಬೆಳಗಾವಿಯ ಕಡೆಯ ಹೆಂಗಸರು ಹಳೆಯ ಸೀರೆ, ಅಂಗಿ, ಧೋತರಗಳ ತುಂಡುಗಳನ್ನು ಒಂದರ ಮೇಲೊಂದು ಹೊಂದಿಸಿ ಕೌದಿಯನ್ನು ಹೊಲಿಯುವರು. ಸತ್ತ ಅಜ್ಜನ ಧೋತರದ ತುಂಡೂ, ಈಗ ಹುಟ್ಟಿದ ಮೊಮ್ಮಗನ ಅಂಗಿಯ ತುಂಡೂ ಒಂದೇ ಹೊದಿಕೆಯಲ್ಲಿ ಸೇರುವವು. ಕರಾವಳಿಯವರು ಹಿತ್ತಲಲ್ಲಿ ಬಸಳೆಯ ದಂಟನ್ನು ನೆಟ್ಟು ಚಪ್ಪರ ಕಟ್ಟಲಿ. ಮುರಿದ ಕೊಡೆ, ಸಡಿಲವಾದ ಕತ್ತಿಯ ಹಿಡಿ, ಕಾಲು ಅಲುಗುವ ಮಣೆ, ಇವನ್ನು ಸರಿಪಡಿಸಲಿ. ಬೆಡ್‌ಫರ್ಡ್ ಎಂಬ ಊರಿನ ಸೆರೆಮನೆಯಲ್ಲಿ ೧೬೬೦ರಿಂದ ೧೬೭೨ರ ವರೆಗೆ ಹನ್ನೆರಡು ವರುಷ ಕುಳಿತ ಜಾನ್ ಬನ್ಯನನ ಹೆಸರನ್ನು ನಮ್ಮ ವಾಚಕರು ಬಲ್ಲರು. ಅವನು ಬರೆದ ಪುಸ್ತಕವನ್ನು ಲೋಕವೆಲ್ಲಾ ಓದಿತು. ಆದರೆ ಅದೇ ಸೆರೆಮನೆಯಲ್ಲಿ ಅವನು ತನ್ನ ಕುಟುಂಬದ ಹೊಟ್ಟೆಪಾಡಿಗಾಗಿ ತುದಿಗೆ ತಗಡು ಕಟ್ಟಿದ ಲಾಡಿಗಳನ್ನು ಮಾಡಿ ಮಾರುತ್ತಿದ್ದನು. ಅವನ ಮಕ್ಕಳಲ್ಲಿ ಒಬ್ಬಳು ಕುರುಡಿಯಾಗಿದ್ದಳು. ಪುಸ್ತಕವನ್ನು ಬರೆಯುವ ವರವು ನಮ್ಮಲ್ಲಿ ಎಲ್ಲರಿಗೂ ಇಲ್ಲ. ಲಾಡಿಯನ್ನು ಮಾಡುವ ಬೆರಳುಗಳು ಎಲ್ಲರಿಗೂ ಉಂಟು. ಮನೆಯವರ ಪಾಲಿಗೆ ಆ ಕೈಕೆಲಸವು ಪುಸ್ತಕಕ್ಕಿಂತ ಕಡಿಮೆಯದಾಗಿರಲಿಲ್ಲ.

ನಾಲ್ಕನೆಯದು, ಕಣ್ಣಿಟ್ಟು ನೋಡುವದು. ಹಾಲೆಂಡಿನ ಡೆಲ್ಫ್ಟ್ ಎಂಬ ಪಟ್ಟಣದಲ್ಲಿ ಲೇವೆನ್‌ಹುಕ್ ಎಂಬವನು ಬಟ್ಟೆಯ ವ್ಯಾಪಾರಿಯಾಗಿದ್ದನು. ಪಂಡಿತರ ಲತೀನ್ ಭಾಷೆಯು ಅವನಿಗೆ ಬಾರದು. ಬಿಡುವಿನ ಹೊತ್ತಿನಲ್ಲಿ ಅವನು ಗಾಜಿನ ಚಿಕ್ಕ ಮಸೂರಗಳನ್ನು ಉಜ್ಜಿ ಸಿದ್ಧಮಾಡಿ, ಕೈಗೆ ಸಿಕ್ಕಿದ್ದನ್ನೆಲ್ಲಾ ಅವುಗಳ ಮೂಲಕ ನೋಡುತ್ತಿದ್ದನು. ೧೬೭೫ರಲ್ಲಿ ಪಾತ್ರೆಯಲ್ಲಿ ಕೆಲವು ದಿನ ನಿಂತಿದ್ದ ಮಳೆಯ ನೀರನ್ನು ಹಾಗೆ ನೋಡಲಾಗಿ, ಅದರಲ್ಲಿ ಬರಿಗಣ್ಣಿಗೆ ಕಾಣದ ಜೀವಿಗಳು ಓಡಾಡುವದನ್ನು ಕಂಡನು. ನಮ್ಮ ಮಾಡಿನಿಂದ ಇಳಿಯುವದೂ ಅದೇ ಮಳೆಯ ನೀರು. ಮಸೂರವಿಲ್ಲದಿದ್ದರೂ ನೋಡುವದಕ್ಕೆ ಬೇಕಾದಷ್ಟು ಉಂಟು. ಇರುವೆಯ ಸಾಲು ಮಳೆಗೆ ಮೊದಲು ಎತ್ತ ಹೋಗುವದು? ಗೀಜಗವು ಗೂಡನ್ನು ಯಾವ ಹುಲ್ಲಿನಿಂದ ಹೆಣೆಯುವದು? ಅಂಗಳದಲ್ಲಿ ನೇರ ಬದಿಯ ಒಂದು ಡಬ್ಬಿಯನ್ನಿಟ್ಟು, ದಿನವೂ ಬಿದ್ದ ನೀರನ್ನು ಅಡಿಪಟ್ಟಿಯಿಂದ ಅಳೆದು ಗೋಡೆಯ ಪಂಚಾಂಗದಲ್ಲಿ ಬರೆದಿಟ್ಟರೆ, ಮೂರು ವರುಷಗಳಲ್ಲಿ ಆ ಮನೆಯ ಮಕ್ಕಳು ತಮ್ಮ ಊರಿನ ಮಳೆಯನ್ನು ಕುರಿತು ಹೇಳಿಕೆಯ ಮಾತನ್ನಲ್ಲ, ಲೆಕ್ಕವನ್ನು ಹೇಳಬಲ್ಲರು.

ಐದನೆಯದು, ಸುಮ್ಮನಿರುವದು. ಇದನ್ನು ಕೊನೆಗೆ ಹೇಳಿದ್ದು ಇದು ಎಲ್ಲಕ್ಕಿಂತ ಕಷ್ಟವಾದದ್ದರಿಂದ. ಬೇಸರಕ್ಕೆ ಹೆದರದೆ ಅದರ ಬಳಿಯಲ್ಲಿ ಸ್ವಲ್ಪ ಹೊತ್ತು ಕುಳಿತರೆ, ನಾವು ಬಹುಕಾಲದಿಂದ ತಪ್ಪಿಸಿಕೊಂಡು ಬಂದ ನೆನಪುಗಳು ಒಂದೊಂದಾಗಿ ಮೇಲಕ್ಕೆ ಬರುವವು. ಯಾರಿಗೆ ಕೊಡಬೇಕಾದ ಹಣವನ್ನು ಕೊಡಲಿಲ್ಲ, ಯಾವ ತಮ್ಮನೊಂದಿಗೆ ಮಾತು ಬಿಟ್ಟು ಎಷ್ಟು ವರುಷವಾಯಿತು, ಯಾವ ರೋಗಿಯನ್ನು ನೋಡಿ ಬರುತ್ತೇನೆಂದು ಹೇಳಿ ಹೋಗಲಿಲ್ಲ, ಇವೆಲ್ಲಾ ಗದ್ದಲದಲ್ಲಿ ಕೇಳಿಸದ ಮಾತುಗಳು. ೨೦೨೦ನೇ ಇಸವಿಯ ಮಾರ್ಚ್ ೨೫ರಿಂದ ಕೊರೋನಾ ರೋಗದ ನಿಮಿತ್ತ ದೇಶವೆಲ್ಲಾ ಮನೆಯೊಳಗೆ ಕೂಡ್ರಬೇಕಾಗಿ ಬಂದಾಗ, ಎಷ್ಟೋ ಮಂದಿ ಮೊದಲ ಸಾರಿ ತಮ್ಮ ಮನೆಯವರ ಮುಖವನ್ನು ನೆಟ್ಟಗೆ ನೋಡಿದೆವೆಂದು ಹೇಳಿದರು. ಎಷ್ಟೋ ಮನೆಗಳಲ್ಲಿ ಅಡಗಿದ್ದ ಸಿಟ್ಟು ಹೊರಗೆ ಬಂದದ್ದೂ ಆಗಲೇ. ಬಿಡುವು ಮನೆಯನ್ನು ಕೆಡಿಸುವದೂ ಇಲ್ಲ, ಸರಿಪಡಿಸುವದೂ ಇಲ್ಲ. ಮನೆಯು ಹೇಗಿದೆಯೋ ಹಾಗೆ ಅದನ್ನು ತೋರಿಸುವದು.

ಇಷ್ಟಾದರೂ ಒಂದು ಆಕ್ಷೇಪವು ಉಳಿಯುತ್ತದೆ. ಹಗಲೆಲ್ಲಾ ಹೊರಗೆ ಕಲ್ಲು ಹೊತ್ತು ಬಂದವನಿಗೆ ಮನೆಯಲ್ಲಿ ಕುಳಿತುಕೊಳ್ಳುವ ಹಕ್ಕಿಲ್ಲವೋ? ಉಂಟು, ಖಂಡಿತವಾಗಿ ಉಂಟು. ದಣಿದವನನ್ನು ಎಬ್ಬಿಸಬೇಕೆಂದು ನಾವು ಹೇಳುವದಿಲ್ಲ. ಬೇಸರಪಟ್ಟವನನ್ನು ಕುರಿತೇ ನಾವು ಮಾತಾಡುತ್ತಿರುವದು. ದಣಿದವನು ಬೇಸರವೆಂದು ಹೇಳುವದಿಲ್ಲ, ನಿದ್ರೆ ಮಾಡುತ್ತಾನೆ. ಹೊತ್ತು ಹೋಗುವದಿಲ್ಲ ಎಂಬ ಮಾತು ಬಾಯಿಂದ ಬಂದಿತೆಂದರೆ, ಮೈಯಲ್ಲಿ ಇನ್ನೂ ಬಲವುಂಟೆಂದೂ ಆ ಬಲಕ್ಕೆ ದಾರಿ ಸಿಕ್ಕಿಲ್ಲವೆಂದೂ ಅರ್ಥ. ಮನೆಯಲ್ಲಿ ಇನ್ನೊಬ್ಬರು ಬಲವಿಲ್ಲದೆ ದುಡಿಯುತ್ತಿರುವಾಗ ಆ ದಾರಿಯನ್ನು ದೂರ ಹುಡುಕಬೇಕಾದದ್ದಿಲ್ಲ.

ಈಗ ನನ್ನ ಕಥೆಗೆ ಹಿಂದಿರುಗುತ್ತೇನೆ. ಆ ದಿನ ನಾನು ಎದ್ದು ಒಳಗೆ ಹೋಗಿ ಹೆರೆಮಣೆಯ ಮೇಲೆ ಕುಳಿತೆನು. ಕಾಯಿಯ ತುರಿಯಲ್ಲಿ ಕರಟದ ಚೂರು ಸೇರಿತೆಂದು ಅವಳು ನಕ್ಕಳು. ಮರುದಿನ ಕಡಿಮೆ ಸೇರಿತು. ಹಲಸಿನ ಬೀಜವನ್ನು ಮಗನು ಸುಲಿದನು. ಹೀಗೆ ಮೂರನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ, ನಮ್ಮ ಮದುವೆಯಾದಂದಿನಿಂದ ನಾನು ಕಾಣದಿದ್ದ ಒಂದು ಸಂಗತಿಯನ್ನು ಕಂಡೆನು: ನನ್ನ ಹೆಂಡತಿಯು ಕೈಯಲ್ಲಿ ಏನೂ ಇಲ್ಲದೆ ಜಗಲಿಗೆ ಬಂದು ಕುಳಿತಳು. ಅಟ್ಟದಿಂದ ನನ್ನ ತಾಯಿಯ ಕಾಲದ ಚೆನ್ನೆಮಣೆಯನ್ನು ಇಳಿಸಿದೆವು. ಮಗನಿಗೆ ಕಲಿಸುತ್ತೇನೆಂದು ನಾನು ಆರಂಭಿಸಿದರೆ, ಅವಳು ಬಾಯಿಮಾತಿಲ್ಲದೆ ಗುಳಿಗಳ ಮೇಲೆ ಒಮ್ಮೆ ಕಣ್ಣಾಡಿಸಿ, ನಮ್ಮಿಬ್ಬರನ್ನೂ ಎರಡೆರಡು ಸಾರಿ ಸೋಲಿಸಿದಳು. ತವರುಮನೆಯ ಕೇರಿಯಲ್ಲಿ ಅವಳನ್ನು ಸೋಲಿಸುವವರು ಇರಲಿಲ್ಲವಂತೆ. ಇಪ್ಪತ್ತೆರಡು ವರುಷ ಅವಳು ಬಡಿಸಿದ ಅನ್ನವನ್ನು ಉಂಡ ನನಗೆ ಇದು ತಿಳಿದಿರಲಿಲ್ಲ. ಅವಳಿಗೆ ಚೆನ್ನೆ ಆಡಲು ಬರುವದೋ ಎಂದು ಕೇಳುವದಕ್ಕೆ ನನಗೆ ಎಂದೂ ಹೊತ್ತು ಸಿಕ್ಕಿರಲಿಲ್ಲ. ಹೊತ್ತು ಹೋಗುವದಿಲ್ಲವೆಂದು ಮಾತ್ರ ಎಷ್ಟೋ ಸಾರಿ ಹೇಳಿದ್ದೆನು.

ಆಟದ ನಡುವೆ ಒಳಗೆ ಏನೋ ಉಕ್ಕಿದ ಸಪ್ಪಳವಾಯಿತು. ಅವಳು ಅಭ್ಯಾಸದಿಂದ ಏಳುವದಕ್ಕೆ ಹೋದಳು. ಮಗನು, "ನೀನು ಕುಳಿತಿರು ಅಮ್ಮಾ, ನಾನು ನೋಡುತ್ತೇನೆ," ಎಂದು ಎದ್ದು ಹೋದನು. ಅವನಿಗೆ ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಮಕ್ಕಳು ಉಪದೇಶದಿಂದ ಕಲಿಯುವದಕ್ಕಿಂತ ಹೆರೆಮಣೆಯಿಂದ ಹೆಚ್ಚು ಕಲಿಯುತ್ತಾರೆಂದು ನನಗೆ ಆಗ ತೋರಿತು.

ಆದದರಿಂದ ಪ್ರಿಯ ವಾಚಕರೇ, ಇನ್ನು ಮೇಲೆ ನಿಮ್ಮ ಬಾಯಿಗೆ "ಹೊತ್ತು ಹೋಗುವದಿಲ್ಲ" ಎಂಬ ಮಾತು ಬರುವಾಗ, ಅದನ್ನು ಹೇಳುವದಕ್ಕೆ ಮೊದಲು ಒಂದು ಗಳಿಗೆ ಕಿವಿಗೊಟ್ಟು ಕೇಳಿರಿ. ಒಳಗೆ ಯಾರ ಬಳೆಯ ಸಪ್ಪಳವು ಇನ್ನೂ ನಿಂತಿಲ್ಲ? ಯಾರ ಕೆಮ್ಮು ಒಬ್ಬಂಟಿಯಾಗಿ ಕೇಳಿಬರುತ್ತದೆ? ನಿಮ್ಮಲ್ಲಿ ಹೆಚ್ಚಾಗಿರುವದು ಅವರಲ್ಲಿ ಕಡಿಮೆಯಾಗಿದ್ದರೆ ಎದ್ದು ಹೋಗಿ ಹಂಚಿಕೊಳ್ಳಿರಿ. ಆಮೇಲೆ ಎಲ್ಲರೂ ಒಟ್ಟಾಗಿ ಜಗಲಿಗೆ ಬನ್ನಿರಿ. ಆಡಿರಿ, ಓದಿರಿ, ಹೊಲಿಯಿರಿ, ಮಳೆಯನ್ನು ನೋಡಿರಿ. ಒಬ್ಬನೇ ಕುಳಿತು ಕಳೆದ ಹೊತ್ತು ಕಳೆದೇ ಹೋಗುವದು. ಕೂಡಿ ಕುಳಿತ ಹೊತ್ತು ಮನೆಯ ಲೆಕ್ಕಕ್ಕೆ ಕೂಡುವದು.